ಕೇಳುವವರ ಜಾತ್ರೆ

ಕೊಡಗಿನ ಕಾಫಿ ತೋಟಗಳ ಕಡೆ ಊರು ಅಂದರೆ ಸಾಲುಮನೆಗಳ ಬೀದಿ ಅಲ್ಲ. ಒಂದು ಮನೆ ಇಲ್ಲಿ, ಇನ್ನೊಂದು ಗುಡ್ಡದ ಆಚೆ. ನಡುವೆ ತೋಟ, ಬೇಲಿ, ತೋಡು ಅನ್ನುವ ಒಂದು ಸಣ್ಣ ಹಳ್ಳ, ಆಮೇಲೆ ಗದ್ದೆ. ಪಕ್ಕದ ಮನೆಯ ನಾಯಿ ಬೊಗಳಿದ್ದು ದಿನಾ ಕೇಳುತ್ತದೆ, ಆ ಮನೆಯವರ ಮುಖ ನೋಡಿ ಮಾತ್ರ ವಾರ ಕಳೆದಿರುತ್ತದೆ. ಜೂನ್‌ನಲ್ಲಿ ಮಳೆ ಹಿಡಿದರೆ ಕೇಳುವುದೇ ಬೇಡ, ಕೆಲಸ ಇಲ್ಲದೆ ಯಾರೂ ಹೊರಗೆ ಕಾಲಿಡುವುದಿಲ್ಲ. ಹೀಗೆ ಒಬ್ಬೊಬ್ಬರೇ ಬದುಕುವ ನಮ್ಮಂಥವರಿಗೆ ತೋಟದಲ್ಲಿ ಏನಾದರೂ ಕೆಟ್ಟರೆ ಅದು ನಮಗೊಬ್ಬರಿಗೇ ಆಗಿದೆ ಅನ್ನಿಸಿಬಿಡುತ್ತದೆ. ಮೆಣಸಿನ ಬಳ್ಳಿ ಹಳದಿ ತಿರುಗಿತು, ಚೆನ್ನಾಗಿದ್ದ ಕಾಫಿ ಗಿಡ ನಿಂತಲ್ಲೇ ಒಣಗಿತು, ಯಾಕೆ ಅಂತ ಗೊತ್ತಿಲ್ಲ, ಯಾರನ್ನು ಕೇಳುವುದು ಅಂತಲೂ ಗೊತ್ತಿಲ್ಲ. ಒಳಗೊಳಗೇ ಕೊರಗುವುದು.

ಕೃಷಿ ಮೇಳ, ದನದ ಜಾತ್ರೆ, ಫಲಪುಷ್ಪ ಪ್ರದರ್ಶನ, ಹೆಸರು ಏನೇ ಇರಲಿ, ನನಗೆ ಅವುಗಳ ಮೇಲೆ ಚಿಕ್ಕಂದಿನಿಂದ ಇರುವ ಪ್ರೀತಿಗೆ ಕಾರಣ ಇಲ್ಲೇ ಇದೆ. ಅಲ್ಲಿ ಜನ ಬಾಯಿಬಿಟ್ಟು ಕೇಳುತ್ತಾರೆ. ಗುರುತು ಪರಿಚಯ ಇಲ್ಲದವರ ಹತ್ತಿರ, ನಾಲ್ಕು ಜನರ ಎದುರು, 'ನಮ್ಮ ತೋಟದಲ್ಲಿ ಹೀಗಾಗಿದೆ, ಏನು ಮಾಡಲಿ?' ಅಂತ ಕೇಳುತ್ತಾರೆ. ಕೇಳಿದ ಕೂಡಲೇ ಪಕ್ಕದಲ್ಲಿ ನಿಂತ ಯಾರೋ ಒಬ್ಬರು 'ನಮ್ಮಲ್ಲೂ ಹಾಗೇ ಆಗಿದೆ ಮಾರಾಯರೆ' ಅನ್ನುತ್ತಾರೆ. ಆ ಒಂದು ಮಾತಿಗಾಗಿ ಬಸ್ಸು ಹತ್ತಿ ಇಡೀ ದಿನ ಕಳೆದರೂ ನಷ್ಟ ಇಲ್ಲ.

ನಮ್ಮ ಮನೆ ಸುಂಟಿಕೊಪ್ಪದಿಂದ ಸ್ವಲ್ಪ ಒಳಗೆ. ಸಣ್ಣ ತೋಟ, ಕೆಳಗೆ ಗದ್ದೆ. ಒಂದು ಕಡೆ ಮಡಿಕೇರಿ, ಇನ್ನೊಂದು ಕಡೆ ಕುಶಾಲನಗರ, ಎರಡೂ ಹತ್ತಿರವೇ. ಹಾಗಾಗಿ ಎಲ್ಲಿ ಮೇಳ ನಡೆದರೂ ಅಪ್ಪ ನಮ್ಮನ್ನು ಕರೆದುಕೊಂಡು ಹೊರಡುತ್ತಿದ್ದರು. ಶಾಲೆ ತಪ್ಪಿದರೆ ಅಮ್ಮನಿಗೆ ಸಿಟ್ಟು. ಆದರೆ ಮೇಳಕ್ಕೆ ಅಂದರೆ ಅಮ್ಮನೂ ಸುಮ್ಮನಾಗುತ್ತಿದ್ದರು, ಯಾಕೆಂದರೆ ಅವರಿಗೂ ಬರಬೇಕಿತ್ತು.

ನಾನು ನೋಡಿದ ಮೊದಲ ಜಾತ್ರೆ ಕುಶಾಲನಗರದ್ದು. ಕಾವೇರಿಯ ಈಚೆ ದಡ ಕೊಡಗು, ಸೇತುವೆ ದಾಟಿದರೆ ಮೈಸೂರು ಜಿಲ್ಲೆ. ಅಲ್ಲಿ ಗಣಪತಿ ದೇವಸ್ಥಾನದ ರಥೋತ್ಸವ ಆಗುವುದು ಕಾರ್ತಿಕದ ಹೊತ್ತಿಗೆ, ಮಳೆ ಹಿಂದೆ ಸರಿದು ಬೆಳಗಿನ ಚಳಿ ಶುರುವಾದ ಮೇಲೆ. ತೇರಿನ ಜೊತೆಗೇ ದನಗಳ ಜಾತ್ರೆ. ಗುಡ್ಡದ ಸಣ್ಣ ದನಗಳನ್ನೇ ನೋಡಿ ಬೆಳೆದ ನನಗೆ ಬಯಲು ಸೀಮೆಯ ಹಳ್ಳಿಕಾರ್ ಎತ್ತುಗಳನ್ನು ಕಂಡು ಕಣ್ಣು ತೆಗೆಯಲು ಆಗಲಿಲ್ಲ. ಬೂದು ಮೈ, ಉದ್ದ ಮುಖ, ಹಣೆಯ ನಡುವೆ ಒಂದು ಗೆರೆ, ಹಿಂದಕ್ಕೆ ಬಾಗಿ ಹೋಗಿ ಮತ್ತೆ ಚೂಪಾಗಿ ಮೇಲೆದ್ದ ಕೊಂಬು. ಜೋಡಿ ಎತ್ತುಗಳನ್ನು ಕಟ್ಟಿದ ಕಡೆಯಲ್ಲೆಲ್ಲ ಒಣಹುಲ್ಲಿನ ವಾಸನೆ, ಸಗಣಿಯ ವಾಸನೆ, ಸೌದೆ ಒಲೆಯ ಹೊಗೆ. ಎತ್ತು ತಂದವರು ಅಲ್ಲೇ ಅಡುಗೆ ಮಾಡಿ ಅಲ್ಲೇ ಮಲಗುತ್ತಿದ್ದರು.

ಎತ್ತಿನ ವಯಸ್ಸು ನೋಡುವುದು ಹಲ್ಲಿನಲ್ಲಿ. ಒಬ್ಬ ಅಜ್ಜ ನನ್ನನ್ನು ಹತ್ತಿರ ಕರೆದು, ಎತ್ತಿನ ಮೂಗುದಾರ ಎಳೆದು ಹಿಡಿದು, ಕೆಳತುಟಿ ಬಗ್ಗಿಸಿ ತೋರಿಸಿದರು. ದನಗಳಿಗೆ ಮುಂದಿನ ಹಲ್ಲು ಇರುವುದು ಕೆಳದವಡೆಯಲ್ಲಿ ಮಾತ್ರ, ಒಟ್ಟು ಎಂಟು. ಕರುವಿನ ಹಾಲುಹಲ್ಲು ಬಿದ್ದು ನಡುವಿನಿಂದ ಜೋಡಿಜೋಡಿಯಾಗಿ ದೊಡ್ಡ ಹಲ್ಲು ಬರುತ್ತವೆ. ಎರಡು ಹಲ್ಲು ಅಂದರೆ ಇನ್ನೂ ಹೋರಿ, ಪಳಗಿಸಬೇಕು. ನಾಲ್ಕು ಹಲ್ಲು, ಆರು ಹಲ್ಲು ಅಂದರೆ ಕೆಲಸಕ್ಕೆ ಸರಿಯಾದ ಪ್ರಾಯ. ಎಂಟೂ ಬಂದರೆ 'ಬಾಯಿಗೂಡಿದೆ' ಅನ್ನುತ್ತಾರೆ. ಅಜ್ಜ ನನ್ನ ಬೆರಳು ಹಿಡಿದು ಆ ಹಲ್ಲುಗಳ ಮೇಲೆ ಇಟ್ಟರು. ಒದ್ದೆ, ಬಿಸಿ, ಅಂಚು ಸ್ವಲ್ಪ ಸವೆದಿತ್ತು. 'ಇದು ಎಷ್ಟು ಹಲ್ಲು, ನೀನೇ ಹೇಳು' ಅಂದರು. 'ಆರು' ಅಂದೆ. ಸುತ್ತ ನಿಂತವರೆಲ್ಲ ಭೇಷ್ ಅಂದರು. ಎಂಟು ವರ್ಷದ ಹುಡುಗನಿಗೆ ಇದಕ್ಕಿಂತ ದೊಡ್ಡ ಬಹುಮಾನ ಏನು ಬೇಕು!

ವ್ಯಾಪಾರ ನಡೆಯುತ್ತಿದ್ದದ್ದು ಟವೆಲ್ಲಿನ ಒಳಗೆ. ಕೊಳ್ಳುವವರ ಪರವಾಗಿ ದಲ್ಲಾಳಿ, ಮಾರುವವರ ಕೈ ಹಿಡಿದು ಅದರ ಮೇಲೆ ಟವೆಲ್ ಮುಚ್ಚುತ್ತಿದ್ದ. ಒಳಗೆ ಬೆರಳುಗಳಲ್ಲೇ ಮಾತು. ಇಷ್ಟು ಬೆರಳು ಹಿಡಿದರೆ ಇಷ್ಟು ಸಾವಿರ, ಮತ್ತೆ ಒತ್ತಿದರೆ ಇಷ್ಟು ನೂರು. ಮುಖ ಮಾತ್ರ ಎಲ್ಲೋ ದೂರ ನೋಡುತ್ತಿರುತ್ತಿತ್ತು. ಇಡೀ ಜಾತ್ರೆಯಲ್ಲಿ ಗುಟ್ಟಾಗಿದ್ದದ್ದು ಅದೊಂದೇ. ಬಾಕಿ ಎಲ್ಲವನ್ನೂ ಜನ ಗಟ್ಟಿಯಾಗಿಯೇ ಕೇಳುತ್ತಿದ್ದರು. ಎಡಕ್ಕೆ ಕಟ್ಟುವ ಎತ್ತೋ ಬಲಕ್ಕೋ? ಹಾಯುತ್ತದಾ? ನೀರು ದಾಟುತ್ತದಾ? ಮೈಮೇಲೆ ಸುಳಿ ಎಲ್ಲಿದೆ? ಕೊಳ್ಳುವ ಉದ್ದೇಶ ಇಲ್ಲದವರೂ ನಿಂತು ಕೇಳುತ್ತಿದ್ದರು, ಮಾರುವವರು ಬೇಸರ ಇಲ್ಲದೆ ಹೇಳುತ್ತಿದ್ದರು.

ಈಗ ಗದ್ದೆಗೆ ಟಿಲ್ಲರ್ ಇಳಿಯುತ್ತದೆ. ಎತ್ತು ಸಾಕುವ ಮನೆ ನಮ್ಮ ಕಡೆ ಹುಡುಕಬೇಕು. ಕುಶಾಲನಗರದ ಜಾತ್ರೆ ಇವತ್ತಿಗೂ ಜೋರಾಗಿ ನಡೆಯುತ್ತದೆ, ಆದರೆ ದನಗಳಿಗಿಂತ ಅಂಗಡಿಗಳು, ತಿರುಗುವ ತೊಟ್ಟಿಲುಗಳು ಜಾಸ್ತಿ. ಯಾರನ್ನೂ ದೂರುವ ಹಾಗಿಲ್ಲ. ಎತ್ತಿಗೆ ವರ್ಷವಿಡೀ ಹುಲ್ಲು ಹಾಕಬೇಕು, ಗದ್ದೆ ಕೆಲಸ ಇರುವುದು ಕೆಲವೇ ವಾರ. ಆದರೂ ಎತ್ತುಗಳ ಸಾಲಿನ ನಡುವೆ ನಡೆದ ಆ ನೆನಪು ನನಗೆ ಬೆಲೆಬಾಳುವಂಥದ್ದು.

ಅಮ್ಮನ ಮೇಳ ಬೇರೆ. ಜನವರಿ ಹೊತ್ತಿಗೆ ಮಡಿಕೇರಿಯ ರಾಜಾಸೀಟ್‌ನಲ್ಲಿ ತೋಟಗಾರಿಕೆ ಇಲಾಖೆಯ ಫಲಪುಷ್ಪ ಪ್ರದರ್ಶನ ಆಗುತ್ತದಲ್ಲ, ಅದು. ಹೂವಿನಲ್ಲಿ ಮಾಡಿದ ಆನೆ, ದೇವಸ್ಥಾನ, ಕಾಫಿ ಕಪ್ಪು ಇವೆಲ್ಲದರ ಮುಂದೆ ಜನ ಫೋಟೋ ತೆಗೆಯಲು ನೂಕಾಡುತ್ತಾರೆ. ಅಮ್ಮ ಅದರ ಕಡೆ ಒಮ್ಮೆ ನೋಡಿ, 'ಚೆನ್ನಾಗಿದೆ' ಅಂದು, ನೇರ ಕುಂಡಗಳ ಸಾಲಿಗೆ ಹೋಗುತ್ತಿದ್ದರು. ಡೇಲಿಯಾ, ಸೇವಂತಿಗೆ, ಬಿಗೋನಿಯಾ, ಆಂಥೂರಿಯಂ. ಹೂವಿನ ಮುಖ ನೋಡುತ್ತಿರಲಿಲ್ಲ ಅವರು, ಬಗ್ಗಿ ಎಲೆಯ ಅಡಿ ನೋಡುತ್ತಿದ್ದರು. ಹುಳ ಇದೆಯಾ, ಮಣ್ಣಿಗೆ ಏನು ಬೆರೆಸಿದ್ದಾರೆ, ಕುಂಡದ ತೂತಿನಲ್ಲಿ ನೀರು ಇಳಿಯುತ್ತದಾ. ಕೊಡಗಿನ ಹೆಂಗಸರ ಹೂವಿನ ಪ್ರೀತಿ ನಿಮಗೆ ಗೊತ್ತಿರಬಹುದು. ಎಂಥ ಸಣ್ಣ ಮನೆಯ ಅಂಗಳದಲ್ಲೂ ಹಳೆ ಡಬ್ಬ, ಹಳೆ ಬಕೆಟ್ಟು ಯಾವುದಾದರೂ ಸರಿ, ಅದರಲ್ಲೊಂದು ಗಿಡ ಇರುತ್ತದೆ.

ಪ್ರದರ್ಶನದ ಇನ್ನೊಂದು ಮೂಲೆಯಲ್ಲಿ ರೈತರು ತಂದ ಬೆಳೆಗಳ ಮೇಜು. ನನಗೆ ಅದೇ ಜಾಸ್ತಿ ಇಷ್ಟ. ದೊಡ್ಡ ಸುವರ್ಣಗೆಡ್ಡೆ, ತೋಳುದ್ದದ ಗೆಣಸು, ಕುಂಬಳ, ಬಾಳೆಗೊನೆ, ಕಿತ್ತಳೆ, ಏಲಕ್ಕಿ ಗೊಂಚಲು. ಪ್ರತಿಯೊಂದರ ಮುಂದೆ ಒಂದು ಚೀಟಿ. ಒಂದು ವರ್ಷ ಅಮ್ಮನ ಸುವರ್ಣಗೆಡ್ಡೆಗೆ ಎರಡನೇ ಬಹುಮಾನ ಬಂತು. ಕೊಟ್ಟದ್ದು ಒಂದು ಸ್ಟೀಲ್ ತಟ್ಟೆ ಮತ್ತು ಒಂದು ಪ್ರಮಾಣಪತ್ರ. ಪ್ರಮಾಣಪತ್ರ ಎಲ್ಲಿ ಹೋಯಿತೋ, ತಟ್ಟೆಯಲ್ಲಿ ಅಪ್ಪ ಕೊನೆಯವರೆಗೂ ಊಟ ಮಾಡಿದರು. ಆದರೆ ಅಮ್ಮನಿಗೆ ಅವತ್ತು ಸಿಕ್ಕಿದ ದೊಡ್ಡ ಲಾಭ ತಟ್ಟೆ ಅಲ್ಲ. ಮೊದಲ ಬಹುಮಾನ ಪಡೆದ ಹೆಂಗಸಿನ ಹತ್ತಿರ ಹೋಗಿ, ಗುಂಡಿ ಎಷ್ಟು ಆಳ ತೆಗೆದಿರಿ, ಗೊಬ್ಬರ ಯಾವಾಗ ಹಾಕಿದಿರಿ ಅಂತ ಒಂದೊಂದೇ ಕೇಳಿದರು. ಆಕೆ ಏನೂ ಮುಚ್ಚಿಡದೆ ಹೇಳಿದರು. ಮಾತಿನ ಕೊನೆಗೆ ಯಾವುದೋ ಹೂವಿನ ಕಡ್ಡಿ, ಯಾವುದೋ ಗೆಡ್ಡೆ ಕೊಡುವ ಒಪ್ಪಂದವೂ ಆಯಿತು. ಒದ್ದೆ ಕಾಗದದಲ್ಲಿ ಸುತ್ತಿದ ಬಿಗೋನಿಯಾ ಕಡ್ಡಿಗಳು ಮುಂದಿನ ವಾರ ಬಸ್ಸಿನ ಕಂಡಕ್ಟರ್ ಕೈಯಲ್ಲಿ ನಮ್ಮ ಸ್ಟಾಪಿಗೆ ಬಂದವು!

ಅಪ್ಪನ ಜಾಗ ಕಾಫಿ ಬೋರ್ಡಿನ ಮಳಿಗೆ. ಮನೆಯಲ್ಲಿ ಅಪ್ಪನದು ಮಾತು ಕಡಿಮೆ. ಬೇಕಾದಷ್ಟೇ ಮಾತಾಡುವವರು. ಮೇಳದಲ್ಲಿ ಆ ಮೇಜಿನ ಮುಂದೆ ನಿಂತರೆ ಮಾತ್ರ ಅವರ ಮಾತು ನಿಲ್ಲುತ್ತಿರಲಿಲ್ಲ. ಅಲ್ಲಿ ಉದ್ದಕ್ಕೆ ಸೀಳಿದ ಅರೇಬಿಕಾ ಕಾಂಡ ಇಟ್ಟಿರುತ್ತಿದ್ದರು. ಬಿಳಿ ಕಾಂಡಕೊರಕ, ನಮ್ಮ ಮಾತಿನಲ್ಲಿ ಬೋರರ್, ಒಳಗೆ ಮಾಡಿದ ಸುರಂಗ ಕಾಣುವ ಹಾಗೆ. ಸುರಂಗದ ತುಂಬ ಮರದ ಪುಡಿ ಗಟ್ಟಿಯಾಗಿ ತುಂಬಿಕೊಂಡಿರುತ್ತಿತ್ತು. ಪಕ್ಕದಲ್ಲೊಂದು ಸಣ್ಣ ಬಾಟಲಿಯಲ್ಲಿ ಹುಳ, ಇನ್ನೊಂದರಲ್ಲಿ ಅದು ಬೆಳೆದು ಆದ ದುಂಬಿ. ಕಪ್ಪು ರೆಕ್ಕೆ ಮೇಲೆ ಬಿಳಿ ಗೆರೆ. ಇಷ್ಟು ಚಿಕ್ಕದು ಅಷ್ಟು ದೊಡ್ಡ ಗಿಡವನ್ನು ಕೊಲ್ಲುತ್ತದಾ ಅಂತ ನಾನು ಬಾಟಲಿಯನ್ನು ತಿರುಗಿಸಿ ತಿರುಗಿಸಿ ನೋಡಿದ್ದೇನೆ.

ಆ ದುಂಬಿ ವರ್ಷಕ್ಕೆ ಎರಡು ಸಲ ಹಾರುತ್ತದೆ, ಏಪ್ರಿಲ್-ಮೇ ಹೊತ್ತಿಗೊಮ್ಮೆ, ಮಳೆ ಮುಗಿದು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಇನ್ನೊಮ್ಮೆ. ಕಾಂಡದ ಸಡಿಲ ತೊಗಟೆಯ ಸಂದಿಯಲ್ಲಿ ಮೊಟ್ಟೆ ಇಡುತ್ತದೆ. ಬಿಸಿಲು ಬೀಳುವ ಕಾಂಡ ಅಂದರೆ ಅದಕ್ಕೆ ಇಷ್ಟ. ಅದಕ್ಕೇ ನೆರಳು ಕಾಪಾಡಿ, ತೊಗಟೆ ಉಜ್ಜಿ, ಹುಳ ಹಿಡಿದ ಗಿಡವನ್ನು ಕಿತ್ತು ಸುಡಿ ಅನ್ನುತ್ತಾರೆ. ಮೇಳದಲ್ಲಿ ಇದನ್ನು ಹೇಳುವಾಗ ಅಪ್ಪ ಒಂದು ಪ್ರಶ್ನೆ ಕೇಳಿದ್ದು ನೆನಪಿದೆ. 'ಪಕ್ಕದ ತೋಟದವರು ಕೀಳದಿದ್ದರೆ?' ಮಳಿಗೆಯವರು ಒಂದು ಕ್ಷಣ ಸುಮ್ಮನಾದರು. ಸುತ್ತಲಿದ್ದ ಬೆಳೆಗಾರರು ಎಲ್ಲರೂ ಒಟ್ಟಿಗೆ ಮಾತಾಡಲು ಶುರು ಮಾಡಿದರು. ದೂರದ ಊರಿನಲ್ಲಿ ಕೂತ ಮಾಲೀಕರು, ಪಾಲು ಜಗಳದಲ್ಲಿ ಪಾಳು ಬಿದ್ದ ತೋಟಗಳು, ಕೂಲಿಗೆ ಜನ ಇಲ್ಲದ ಕಷ್ಟ ಎಲ್ಲ ಹೊರಗೆ ಬಂತು. ಬೋರರ್ ಅನ್ನುವುದು ಬರೀ ಹುಳದ ವಿಷಯ ಅಲ್ಲ, ಅಕ್ಕಪಕ್ಕದವರ ವಿಷಯವೂ ಹೌದು ಅಂತ ನನಗೆ ತಿಳಿದದ್ದು ಆ ಮೇಜಿನ ಮುಂದೆ.

ಕಾಫಿಯ ಮಾತು ಬಂದರೆ 1994 ನೆನಪಿಗೆ ಬಂದೇ ಬರುತ್ತದೆ. ಆ ವರ್ಷ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಕಾಫಿ ಗಿಡಗಳು ಸುಟ್ಟು ಹೋದವು, ಇಲ್ಲಿ ಬೆಲೆ ಏರಿತು. ಅದಕ್ಕೂ ಮೊದಲು ಕಾಫಿಯನ್ನೆಲ್ಲ ಬೋರ್ಡಿನ ಪೂಲ್‌ಗೇ, ಅಂದರೆ ಎಲ್ಲರ ಕಾಫಿ ಒಟ್ಟು ಸೇರಿಸಿ ಮಾರುವ ವ್ಯವಸ್ಥೆಗೇ, ಕೊಡಬೇಕಿತ್ತು, ದುಡ್ಡು ಕಂತಿನಲ್ಲಿ ಬರುತ್ತಿತ್ತು. ಆ ವ್ಯವಸ್ಥೆ ಸಡಿಲವಾಗುತ್ತಿದ್ದ ಕಾಲ ಅದು. ಬೆಳೆಗಾರರು ತಾವೇ ಮಾರುವ ಹಾಗಾಯಿತು, ಬೆಲೆಯೂ ಬಂತು. ಆಮೇಲಿನ ಒಂದೆರಡು ವರ್ಷ ಮೇಳಗಳ ಕಳೆಯೇ ಬೇರೆ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮಾರುವವರ ಮುಂದೆ, ಸ್ಪ್ರಿಂಕ್ಲರ್ ಪಂಪಿನ ಮುಂದೆ ಜನ. ಎಲ್ಲರೂ ನಗುನಗುತ್ತಾ ಮಾತಾಡುತ್ತಿದ್ದರು. ಹೊಸ ಶತಮಾನ ಶುರುವಾಗುವ ಹೊತ್ತಿಗೆ ಬೆಲೆ ನೆಲ ಕಚ್ಚಿತು. ಅದೇ ಜನ ಅದೇ ಮೈದಾನಕ್ಕೆ ಬಂದರು, ಆದರೆ ಪಂಪಿನ ಮುಂದೆ ಯಾರೂ ಇಲ್ಲ. ಮೆಣಸಿನ ಸಸಿ, ವೆನಿಲ್ಲಾ ಬಳ್ಳಿ ಇರುವ ಕಡೆ ಗುಂಪು. ಒಂದು ವರ್ಷ ರೈತರಿಗೆ ಯಾವುದರ ಚಿಂತೆ ಅಂತ ತಿಳಿಯಬೇಕಾದರೆ ಯಾವ ಮಳಿಗೆಯ ಮುಂದೆ ಗುಂಪಿದೆ ನೋಡಿದರೆ ಸಾಕು.

ಗೋಣಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರದವರ ಮಳಿಗೆಯಲ್ಲಿ ಮಣ್ಣು ಪರೀಕ್ಷೆ ತೋರಿಸುತ್ತಿದ್ದರು. ಅಪ್ಪ ಒಂದು ಪ್ಲಾಸ್ಟಿಕ್ ಕವರಿನಲ್ಲಿ ತೋಟದ ಮಣ್ಣು ಕಟ್ಟಿಕೊಂಡು ಹೋಗಿದ್ದರು. ಅಲ್ಲಿದ್ದ ಹುಡುಗಿ, ಆಗಷ್ಟೇ ಓದು ಮುಗಿಸಿದವರು ಇರಬೇಕು, ಮೊದಲು ಕೇಳಿದ್ದು 'ಎಲ್ಲಿಂದ ತೆಗೆದಿರಿ?' ಅಂತ. ಒಂದೇ ಜಾಗದ ಮಣ್ಣು ಸಾಲದು, ತೋಟದ ಹಲವು ಕಡೆ ಒಂಬತ್ತು ಇಂಚು ಆಳಕ್ಕೆ ಗುಂಡಿ ತೆಗೆದು ಬದಿಯಿಂದ ಒಂದೇ ದಪ್ಪಕ್ಕೆ ಕೆರೆದುಕೊಳ್ಳಬೇಕು ಅಂದರು. ಆಮೇಲೆ ಒಂದು ಹಾಳೆಯ ಮೇಲೆ ಮಣ್ಣು ಸುರಿದು, ಕೈಯಲ್ಲಿ ಹರಡಿ, ಬೆರಳಿನಿಂದ ಅಡ್ಡ-ಉದ್ದ ಗೆರೆ ಎಳೆದು ನಾಲ್ಕು ಭಾಗ ಮಾಡಿದರು. ಎದುರುಬದುರಿನ ಎರಡು ಭಾಗ ತೆಗೆದು ಹಾಕಿದರು. ಉಳಿದದ್ದನ್ನು ಮತ್ತೆ ಬೆರೆಸಿ ಮತ್ತೆ ನಾಲ್ಕು ಭಾಗ. ಹೀಗೇ ಅರ್ಧ ಕಿಲೋ ಉಳಿಯುವವರೆಗೆ. ಎಷ್ಟು ಸರಳ, ಎಷ್ಟು ಚೆಂದ! ಇಡೀ ತೋಟ ಒಂದು ಹಿಡಿಯಲ್ಲಿ ಬಂದು ಕೂರುತ್ತದೆ.

ಕೊಡಗಿನ ಮಣ್ಣಿಗೆ ಹುಳಿ ಜಾಸ್ತಿ. ಸುರಿಯುವ ಮಳೆ ಸುಣ್ಣದ ಅಂಶವನ್ನೆಲ್ಲ ತೊಳೆದುಕೊಂಡು ಹೋಗುತ್ತದೆ, ನಾವು ಹಾಕುವ ಗೊಬ್ಬರ ಕೆಲವು ಇನ್ನಷ್ಟು ಹುಳಿ ಮಾಡುತ್ತವೆ. ಹುಳಿ ಮಣ್ಣಿನಲ್ಲಿ ಗೊಬ್ಬರ ಸುರಿದರೂ ಗಿಡಕ್ಕೆ ಪೂರ್ತಿ ಸಿಗುವುದಿಲ್ಲ. ಹುಳಿಯ ಅಳತೆಯಾದ ಪಿಎಚ್ ಕಾಫಿಗೆ 6ರ ಆಸುಪಾಸಿನಲ್ಲಿದ್ದರೆ ಒಳ್ಳೆಯದು. ಹಾಗಾಗಿ ಮೊದಲು ಸುಣ್ಣ, ಆಮೇಲೆ ಗೊಬ್ಬರ. ಅವತ್ತಿನಿಂದ ನಮ್ಮ ಮನೆಯಲ್ಲಿ ಗೊಬ್ಬರದ ಖರ್ಚು ಕಡಿಮೆಯಾಯಿತು, ಗಿಡದ ಬಣ್ಣ ಬದಲಾಯಿತು. ಆ ಹುಡುಗಿಯ ಹೆಸರು ಕೇಳಿಟ್ಟುಕೊಳ್ಳಬೇಕಿತ್ತು ಅಂತ ಅಪ್ಪ ಬಹಳ ಸಲ ಹೇಳುತ್ತಿದ್ದರು.

ಬೋರ್ಡೋ ದ್ರಾವಣ ಮಾಡುವುದನ್ನೂ ನಾನು ಮೊದಲು ಸರಿಯಾಗಿ ನೋಡಿದ್ದು ಮೇಳದಲ್ಲೇ. 1880ರ ದಶಕದಲ್ಲಿ ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ ಶುರುವಾದ ಔಷಧಿ ಅದು, ಇವತ್ತಿಗೂ ನಮ್ಮ ಮೆಣಸಿನ ಬಳ್ಳಿ ಉಳಿಸುವುದು ಅದೇ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ. ಬೇರೆ ಬೇರೆ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿದು ಕಲಕಬೇಕು. ಕಬ್ಬಿಣದ ಪಾತ್ರೆ ಕೂಡದು. ತಿಳಿ ಆಕಾಶದ ಬಣ್ಣ ಬಂದ ಮೇಲೆ ಹೊಳೆಯುವ ಚಾಕು ಅದ್ದಿ ನೋಡಿದರು. ಚಾಕಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು, ಎಲೆ ಸುಡುತ್ತದೆ. ಕೂರದಿದ್ದರೆ ಸರಿ. ಒಬ್ಬರು ಅಜ್ಜಿ ಮುಂದೆ ಬಂದು, ಆ ಚಾಕು ನನ್ನ ಕೈಗೆ ಕೊಡಿ ಅಂದು ತಾವೇ ಅದ್ದಿ ನೋಡಿದರು. ಪುಸ್ತಕದಲ್ಲಿ ಎಷ್ಟು ಓದಿದರೂ ಆ ಚಾಕು ಕೈಯಲ್ಲಿ ಹಿಡಿದಂತೆ ಆಗುವುದಿಲ್ಲ ಅಲ್ವಾ?

ಮೆಣಸಿನ ಬಗ್ಗೆ ಇನ್ನೊಂದು ಹೇಳಬೇಕು. ಕೇರಳದ ಪಣಿಯೂರಿನಿಂದ ಬಂದ ಪಣಿಯೂರು-1 ತಳಿಯ ಉದ್ದ ಗೊಂಚಲು ಕಂಡರೆ ಯಾರಿಗಾದರೂ ಆಸೆ ಹುಟ್ಟುತ್ತದೆ. ಮೇಜಿನ ಮೇಲೆ ಇಟ್ಟಿದ್ದ ಆ ಗೊಂಚಲು ನೋಡಿ ಎಲ್ಲರೂ ಸಸಿಗೆ ಕೈ ಹಾಕುತ್ತಿದ್ದಾಗ ಹಿಂದಿನಿಂದ ಒಬ್ಬರು ಕೇಳಿದರು, 'ದಟ್ಟ ನೆರಳಲ್ಲಿ ಇಷ್ಟೇ ಬಿಡುತ್ತದಾ?' ಇಲ್ಲ. ಅದಕ್ಕೆ ಬೆಳಕು ಬೇಕು. ಕಾಫಿ ತೋಟದ ಗವ್ವೆನ್ನುವ ನೆರಳಲ್ಲಿ ಅದು ಹಾಗೆ ಬಿಡುವುದಿಲ್ಲ, ಮರಗಸಿ ಮಾಡಿ, ಅಂದರೆ ನೆರಳು ಮರಗಳ ಕೊಂಬೆ ಕಡಿದು, ಬೆಳಕು ಬಿಡಬೇಕು. ಆ ಒಂದು ಪ್ರಶ್ನೆ ಬಾರದಿದ್ದರೆ ಅವತ್ತು ಎಷ್ಟು ಜನ ಸಸಿ ಕೊಂಡು ಹೋಗಿ ಬೇಸರಪಡುತ್ತಿದ್ದರೋ. ಮೇಳದಲ್ಲಿ ನಾನು ಎಲ್ಲಕ್ಕಿಂತ ಗೌರವ ಕೊಡುವುದು ಹೀಗೆ ಹಿಂದೆ ನಿಂತು ಕೇಳುವವರಿಗೆ.

ಅಪ್ಪಂಗಳದ ಏಲಕ್ಕಿ ಕೇಂದ್ರದವರ ಮಳಿಗೆಯಲ್ಲೂ ಇಂಥದ್ದೇ ಅನುಭವ. ನಮ್ಮ ಅಜ್ಜಿಯ ಕಾಲದಲ್ಲಿ ಏಲಕ್ಕಿ ಮಲೆ ಅಂದರೆ ಮನೆತನದ ಹೆಮ್ಮೆ. ಕಟ್ಟೆ ರೋಗ ಬಂದು ಎಲೆಗಳಲ್ಲಿ ತಿಳಿಹಸಿರು ಪಟ್ಟಿ ಎದ್ದು, ಹಿಂಡು ಹಿಂಡೇ ಸೊರಗಿ ಹೋದವು. ಅಲ್ಲಿ ಅವರು ಕಟ್ಟೆ ರೋಗ ತಾಳುವ ವಿಜೇತ ತಳಿ, ಗೆಡ್ಡೆ ಕೊಳೆ ತಾಳುವ ಅವಿನಾಶ್ ತಳಿ ಎರಡನ್ನೂ ಪಕ್ಕ ಪಕ್ಕ ಇಟ್ಟಿದ್ದರು. ಒಬ್ಬ ವಯಸ್ಸಾದ ಬೆಳೆಗಾರರು ಆ ಎಲೆ ಸವರುತ್ತಾ ತುಂಬಾ ಹೊತ್ತು ನಿಂತಿದ್ದರು. 'ಇದು ನಲವತ್ತು ವರ್ಷ ಮೊದಲು ಸಿಕ್ಕಿದ್ದರೆ' ಅಂದರು, ಅಷ್ಟೇ.

ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಆವರಣವಾದ ಜಿಕೆವಿಕೆಯ ಕೃಷಿ ಮೇಳದ ಬಗ್ಗೆ ಹೇಳದಿದ್ದರೆ ಹೇಗೆ! ಅದು ಆಗುವುದು ಸಾಮಾನ್ಯವಾಗಿ ನವೆಂಬರ್‌ನಲ್ಲಿ, ನಮ್ಮಲ್ಲಿ ಅರೇಬಿಕಾ ಹಣ್ಣಾಗುವ ಹೊತ್ತಿಗೆ. ಕೊಯ್ಲು ಬಿಟ್ಟು ಹೋಗುವುದು ಕಷ್ಟ. ಆದರೂ ರಾತ್ರಿ ಬಸ್ಸು ಹತ್ತಿ ಬೆಳಗಾಗುವ ಹೊತ್ತಿಗೆ ಹೆಬ್ಬಾಳದ ಹತ್ತಿರ ಇಳಿದು, ಅಲ್ಲೇ ಎಲ್ಲೋ ಮುಖ ತೊಳೆದು ಒಳಗೆ ಹೋದರೆ ಕರ್ನಾಟಕದ ಮೂಲೆ ಮೂಲೆಯ ರೈತರು. ನಮಗೆ ಕಾಫಿಯೇ ಪ್ರಪಂಚ. ಅಲ್ಲಿ ರಾಗಿ, ತೊಗರಿ, ಹಿಪ್ಪುನೇರಳೆ. ರಾಗಿ ಲಕ್ಷ್ಮಣಯ್ಯ ಅಂತಲೇ ಹೆಸರಾದ ವಿಜ್ಞಾನಿ ಭಾರತದ ಮತ್ತು ಆಫ್ರಿಕಾದ ರಾಗಿಯನ್ನು ಕೂಡಿಸಿ ಇಂಡಾಫ್ ತಳಿಗಳನ್ನು ಮಾಡಿದ ಕತೆಯನ್ನು ನಾನು ಕೇಳಿದ್ದು ಅಲ್ಲೇ, ಪಕ್ಕದಲ್ಲಿ ಊಟಕ್ಕೆ ಕೂತ ಕೋಲಾರ ಕಡೆಯ ರೈತರೊಬ್ಬರ ಬಾಯಲ್ಲಿ. ತನ್ನ ಮನೆಯ ಹಿರಿಯರ ಬಗ್ಗೆ ಹೇಳುವಷ್ಟು ಪ್ರೀತಿಯಿಂದ ಹೇಳಿದರು. ಆಮೇಲೆ ಅವರು ನನ್ನನ್ನು ಕೇಳಿದರು, 'ನಿಮ್ಮ ಕಡೆ ಅಷ್ಟೊಂದು ಮಳೆ ಬರುತ್ತದಂತೆ, ಆ ನೀರನ್ನೆಲ್ಲ ಏನು ಮಾಡುತ್ತೀರಿ?' ಬೋರ್‌ವೆಲ್ ಬತ್ತಿದ ಊರಿನಿಂದ ಬಂದವರ ಪ್ರಶ್ನೆ ಅದು. ನಮ್ಮ ನೀರು ಇಳಿದು ಕಾವೇರಿಗೆ ಸೇರುತ್ತದೆ ಅಂದೆ. ಆದರೆ ಬೇಸಿಗೆಯಲ್ಲಿ ನಮ್ಮ ತೋಡೂ ಒಣಗುತ್ತದೆ, ಕಾಫಿ ಹೂ ಅರಳಿಸುವ ಹೂಮಳೆ ತಡವಾದರೆ ಗಿಡಕ್ಕೆ ಹಾಕಲು ನೀರಿಗೆ ಒದ್ದಾಡುತ್ತೇವೆ ಅಂತಲೂ ಹೇಳಿದೆ. ಅವರಿಗೆ ನಂಬಲು ಕಷ್ಟವಾಯಿತು.

ಈಚಿನ ವರ್ಷಗಳಲ್ಲಿ ನನಗೆ ಜಾಸ್ತಿ ಖುಷಿ ಕೊಡುವುದು ಚೆಟ್ಟಳ್ಳಿ. ಅಲ್ಲಿ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಗೆ ಸೇರಿದ ಕೇಂದ್ರ ಇದೆ. ಹಣ್ಣಿನ ಮೇಳ ಇದ್ದಾಗ ಮೇಜಿನ ಮೇಲೆ ಕೆಂಪು ರಂಬುಟಾನ್, ಹಳದಿ ರಂಬುಟಾನ್, ಬೆಣ್ಣೆಹಣ್ಣು, ಮ್ಯಾಂಗೋಸ್ಟೀನ್, ಅಲ್ಲೇ ತಯಾರಾದ ಕಾವೇರಿ ಅನ್ನುವ ಪ್ಯಾಶನ್ ಹಣ್ಣಿನ ತಳಿ ಎಲ್ಲ ಸಾಲಾಗಿ. ಬೆಣ್ಣೆಹಣ್ಣಿನ ಮರ ನಮ್ಮ ತೋಟಗಳಲ್ಲಿ ಮೊದಲಿನಿಂದ ಇತ್ತು, ಬಿದ್ದ ಹಣ್ಣು ದನ-ನಾಯಿ ತಿಂದದ್ದೇ ಜಾಸ್ತಿ. ಈಗ ಅದಕ್ಕೆ ಬೆಲೆ ಬಂದಿದೆ, ಕಸಿ ಗಿಡಕ್ಕೆ ಸಾಲು ನಿಲ್ಲುತ್ತಾರೆ. ಕಸಿ ಕಟ್ಟುವುದನ್ನು ಒಬ್ಬರು ಕೂತು ತೋರಿಸುತ್ತಿದ್ದರು. ಎಳೆ ಗಿಡದ ತುದಿ ಕತ್ತರಿಸಿ, ನಡುವೆ ಸೀಳಿ, ಬೇರೆ ಮರದ ಕಡ್ಡಿಯ ಬುಡವನ್ನು ಎರಡೂ ಕಡೆ ಚೂಪಾಗಿ ಕೆತ್ತಿ, ಆ ಸೀಳಿಗೆ ಇಳಿಸಿ ಪ್ಲಾಸ್ಟಿಕ್ ಪಟ್ಟಿ ಸುತ್ತಿದರು. ಎರಡರ ತೊಗಟೆ ಒಂದು ಬದಿಯಲ್ಲಾದರೂ ಕೂಡಲೇಬೇಕು ಅಂದರು. ಕೈ ಒಂದು ಚೂರೂ ನಡುಗಲಿಲ್ಲ. ನನ್ನ ಮಗಳು ಅವರ ಮುಂದಿನಿಂದ ಏಳಲೇ ಇಲ್ಲ.

ಕೊಡಗಿನ ಕಿತ್ತಳೆ ಮಾತ್ರ ನೋಡಿದಾಗಲೆಲ್ಲ ಹೊಟ್ಟೆ ಚುರ್ ಅನ್ನುತ್ತದೆ. ಸಡಿಲ ಸಿಪ್ಪೆ, ಹುಳಿಸಿಹಿ, ಸುಲಿದರೆ ಕೋಣೆ ತುಂಬ ವಾಸನೆ. ಊರಿನ ಹೆಸರಿಗೆ ಕೊಡುವ ಜಿಐ (ಭೌಗೋಳಿಕ) ಗುರುತು ಸಿಕ್ಕಿದೆ, ಹಣ್ಣೇ ಸಿಗುವುದಿಲ್ಲ. ಗ್ರೀನಿಂಗ್ ಅನ್ನುವ ರೋಗ, ಅದನ್ನು ಹರಡುವ ಸಣ್ಣ ಕೀಟ, ಜೊತೆಗೆ ವೈರಸ್ ರೋಗ, ಆರೈಕೆ ಬಿಟ್ಟ ಮರಗಳು, ಎಲ್ಲ ಸೇರಿ ತೋಟಗಳಿಂದ ಕಿತ್ತಳೆಯನ್ನು ಓಡಿಸಿದವು. ಮೇಳದಲ್ಲಿ ರೋಗ ಇಲ್ಲದ ಸಸಿ ಮಾಡುವ ಬಗ್ಗೆ ಹೇಳಿದಾಗ ಎಲ್ಲರೂ ಕಿವಿ ನೆಟ್ಟಗೆ ಮಾಡಿ ಕೇಳುತ್ತಾರೆ. ನಾನೂ ಒಂದಷ್ಟು ಸಸಿ ತಂದು ಹಾಕಿದ್ದೇನೆ, ಮನೆಯ ಹತ್ತಿರವೇ, ದಿನಾ ಕಣ್ಣಿಗೆ ಬೀಳುವಲ್ಲಿ.

ಜೇನಿನ ಮಳಿಗೆ, ಸ್ತ್ರೀಶಕ್ತಿ ಸಂಘಗಳ ಕಾಚಂಪುಳಿ ಅನ್ನುವ ಹುಳಿರಸ, ಮನೆಯಲ್ಲೇ ಮಾಡಿದ ಹಣ್ಣಿನ ವೈನ್, ಅಕ್ಕಿಯ ಬಿಸಿ ಕಡಂಬಿಟ್ಟು, ಕಳೆ ಕತ್ತರಿಸುವ ಮೆಷಿನ್ನಿನ ಗದ್ದಲ, ಇವೆಲ್ಲ ಇಲ್ಲದೆ ಮೇಳ ಇಲ್ಲ. ಗಾಜಿನ ಬದಿ ಇರುವ ಜೇನುಪೆಟ್ಟಿಗೆಯಲ್ಲಿ ರಾಣಿಯನ್ನು ಹುಡುಕಲು ಮಕ್ಕಳು ಮುತ್ತುತ್ತಾರೆ. ಭಾಗಮಂಡಲದ ಕಡೆಯ ಹಿರಿಯರು ಯಾರಾದರೂ ಇದ್ದರೆ 1990ರ ದಶಕದ ಶುರುವಿನಲ್ಲಿ ಜೇನಿನ ಮರಿಗಳನ್ನು ಕೊಲ್ಲುವ ಥಾಯ್ ಸ್ಯಾಕ್‌ಬ್ರೂಡ್ ವೈರಸ್ ಬಂದು ಪೆಟ್ಟಿಗೆ ಪೆಟ್ಟಿಗೆಯೇ ಖಾಲಿಯಾದದ್ದನ್ನು ಹೇಳುತ್ತಾರೆ. ನಿಂತು ಕೇಳಿ. ಮೆಣಸು ಕೊಯ್ಯುವ ಏಣಿ ಮಾರುವ ಮಳಿಗೆಯಲ್ಲಿ ಮಾತ್ರ ನಾನು ಯಾವಾಗಲೂ ಜಗಳ ಮಾಡುವಷ್ಟು ಗಟ್ಟಿಯಾಗಿ ಮಾತಾಡುತ್ತೇನೆ. ಅಲ್ಯೂಮಿನಿಯಂ ಏಣಿ ಹಗುರ, ನಿಜ. ಆದರೆ ತೋಟದ ಮೇಲೆ ಹಾದುಹೋದ ವಿದ್ಯುತ್ ತಂತಿಗೆ ತಗುಲಿ ಎಷ್ಟು ಕೂಲಿಕಾರರ ಜೀವ ಹೋಗಿದೆ ಅಂತ ನಮ್ಮ ಕಡೆ ಎಲ್ಲರಿಗೂ ಗೊತ್ತು. ಅದನ್ನು ಮಾರುವವರು ಮೊದಲು ತಂತಿಯ ಮಾತು ಹೇಳಬೇಕು, ಬೆಲೆಯ ಮಾತು ಆಮೇಲೆ.

ಕಂಪನಿಗಳ ದೊಡ್ಡ ಮಳಿಗೆಗಳು ಈಗ ಜಾಸ್ತಿ ಆಗಿವೆ. ಮೈಕಿನಲ್ಲಿ ಕೂಗುತ್ತಾರೆ, ಚೀಲ ಕೊಡುತ್ತಾರೆ, ಟೋಪಿ ಕೊಡುತ್ತಾರೆ. ನನ್ನ ತಕರಾರು ಒಂದೇ. ಮೈಕಿನ ಮುಂದೆ ಪ್ರಶ್ನೆ ಕೇಳಲು ಆಗುವುದಿಲ್ಲ. ಮೇಜಿನ ಹಿಂದೆ ಕೂತ ಮನುಷ್ಯನಿಗೆ ನಮ್ಮ ಮಾತು ಕೇಳಿಸಬೇಕು. ಎಲೆ ತೋರಿಸಿದರೆ ಕೈಗೆ ತೆಗೆದುಕೊಂಡು ತಿರುಗಿಸಿ ನೋಡಬೇಕು.

2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದ ಮೇಲೆ ನಡೆದ ಮೊದಲ ಮೇಳಗಳಲ್ಲಿ ಈ ಕೇಳುವುದು ಬೇರೆಯೇ ಆಯಿತು. ಮಕ್ಕಂದೂರು, ಮಾದಾಪುರ ಕಡೆಯವರು ಬಂದಿದ್ದರು. ತೋಟದ ಮೇಲೆ ಬಂದು ಕೂತ ಮಣ್ಣಿನಲ್ಲಿ ಏನು ಬೆಳೆಯುತ್ತದೆ? ಗದ್ದೆ ತುಂಬ ಮರಳು, ತೆಗೆಯುವುದಾ ಬಿಡುವುದಾ? ಬೇರು ಹಿಡಿಯುವ ಮರ ಯಾವುದು? ಕೆಲವಕ್ಕೆ ಉತ್ತರ ಇತ್ತು, ಕೆಲವಕ್ಕೆ ಇರಲಿಲ್ಲ. ಉತ್ತರ ಇಲ್ಲದಾಗ ಒಬ್ಬ ವಿಜ್ಞಾನಿ 'ನಾನು ಬಂದು ನೋಡುತ್ತೇನೆ' ಅಂದರು. ಮುಂದಿನ ವಾರ ಬಂದೂ ಬಂದರು.

ಆನೆಯ ಪ್ರಶ್ನೆ ಮಾತ್ರ ಹಾಗೇ ಉಳಿದಿದೆ. ಕೊಡಗಿನಲ್ಲಿ ಯಾವ ಮೇಳಕ್ಕೆ ಹೋದರೂ, ವಿಷಯ ಕಾಫಿ ಇರಲಿ, ಭತ್ತ ಇರಲಿ, ಹಿಂದಿನ ಸಾಲಿನಿಂದ ಯಾರಾದರೂ ಎದ್ದು 'ಸಾರ್, ಆನೆಗೆ ಏನು ಮಾಡುವುದು?' ಅಂತ ಕೇಳುತ್ತಾರೆ. ಸೋಲಾರ್ ಬೇಲಿ, ಕಂದಕ, ರೈಲು ಹಳಿಯ ತಡೆಬೇಲಿ, ಎಲ್ಲ ಹೇಳಿ ಮುಗಿಸುತ್ತಾರೆ. ಗದ್ದೆ ಬಿಟ್ಟವರು ಬಿಟ್ಟರು, ಹಲಸು ಹಣ್ಣಾಗುವ ಮೊದಲೇ ಕಿತ್ತು ಹಾಕುವವರು ಕಿತ್ತು ಹಾಕುತ್ತಿದ್ದಾರೆ. ಆದರೂ ಪ್ರತಿ ಸಲ ಯಾರಾದರೂ ಏಳುತ್ತಾರೆ. ಏಳಲೇಬೇಕು. ಕೇಳುವುದನ್ನು ಬಿಟ್ಟರೆ ಉತ್ತರ ಹುಡುಕುವವರೂ ಬಿಡುತ್ತಾರೆ.

ಈ ಚಳಿಗಾಲದಲ್ಲಿ ಮೇಳಕ್ಕೆ ಹೋಗುವವರಿದ್ದರೆ ನನ್ನ ಮಾತು ಇಷ್ಟೇ. ರೋಗ ಬಂದ ಎಲೆ, ಒಣಗಿದ ಕಾಂಡ, ತೋಟದ ಮಣ್ಣು, ಏನಿದೆಯೋ ಅದನ್ನು ಕವರಿನಲ್ಲಿ ಕಟ್ಟಿಕೊಂಡು ಹೋಗಿ. ಮೊಬೈಲ್ ಫೋಟೋ ಸಾಲದು, ಅದರಲ್ಲಿ ಎಲೆಯ ಅಡಿ ಕಾಣುವುದಿಲ್ಲ. ಬೆಳಿಗ್ಗೆ ಬೇಗ ಹೋದರೆ ಮಳಿಗೆಯವರಿಗೂ ಮಾತಾಡಲು ಪುರುಸೊತ್ತು ಇರುತ್ತದೆ. ಮಕ್ಕಳನ್ನು ಕರೆದುಕೊಂಡು ಹೋಗಿ, ಶಾಲೆ ಒಂದು ದಿನ ತಪ್ಪಿದರೆ ಪರವಾಗಿಲ್ಲ. ಉದ್ಘಾಟನೆಯ ಭಾಷಣ ಮುಗಿದ ಕೂಡಲೇ ಎದ್ದು ಹೊರಡಬೇಡಿ. ರೈತರ ಪ್ರಶ್ನೆಗಳಿಗೆ ಸಮಯ ಇಟ್ಟಿರುವುದು ಊಟ ಆದ ಮೇಲೆ.